ಕವಾಯತು ಮತ್ತು ಅಹಿಂಸೆ: ಡಾ. ನಾ. ಸು. ಹರ್ಡೀಕರರ ಜೀವನಕಾರ್ಯ

೧

1921ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಅಹಮದಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಅನೇಕ ಕಾರಣಗಳಿಂದ ಸ್ಮರಣೀಯವಾದುದು. ಚುನಾಯಿತ ಅಧ್ಯಕ್ಷರಾದ ಚಿತ್ತರಂಜನ ದಾಸರು ಸೆರೆಮನೆಯಲ್ಲಿದ್ದುದರಿಂದ ಹಕೀಂ ಅಜ್ಮಲ್ ಖಾನರು ಅಧ್ಯಕ್ಷಪೀಠವನ್ನಲಂಕರಿಸಿದರು. ಸ್ವಾಗತ ಸಮಿತಿಯ ಅಧ್ಯಕ್ಷತೆ ವಲ್ಲಭಭಾಯಿ ಪಟೇಲರದಾಗಿತ್ತು. ಕುರ್ಚಿಗಳ ವೈಭವವನ್ನು ತೊರೆದು ಪ್ರತಿನಿಧಿಗಳು ನೆಲದ ಮೇಲೆ ಕುಳಿತರು. ಎಲ್ಲೆಲ್ಲಿಯೂ ಖಾದಿಯೇ ಕಾಣುತ್ತಿತ್ತು. ಆದರೆ ಇವೆಲ್ಲವುಗಳಿಗಿಂತ ಮುಖ್ಯವಾದುದು ಅಲ್ಲಿ ಅಂಗೀಕೃತವಾದ ಸ್ವಯಂಸೇವಕರ ನಿರ್ಣಯ. ಹಲವು ಪ್ರಾಂತಗಳಲ್ಲಿ ಸರಕಾರವು ಸ್ವಯಂಸೇವಕ ದಳಗಳನ್ನು ಕಾಯಿದೆಗೆ ವಿರುದ್ಧವೆಂದು ಘೋಷಿಸಿದ್ದ ದಿನಗಳವು. ಅದಕ್ಕೆ ಉತ್ತರವಾಗಿ, ಹದಿನೆಂಟು ವರ್ಷ ತುಂಬಿದವರೆಲ್ಲರೂ ಅಹಿಂಸೆಯ ಪ್ರತಿಜ್ಞೆಯನ್ನು ಸ್ವೀಕರಿಸಿ ಸ್ವಯಂಸೇವಕರಾಗಬೇಕೆಂದು ಅಧಿವೇಶನವು ಕರೆಕೊಟ್ಟಿತು.

ಪ್ರತಿಜ್ಞಾಪತ್ರಕ್ಕೆ ರುಜು ಹಾಕಲು ಒಂದು ನಿಮಿಷ ಸಾಕು. ಬೀದಿಯ ಧೂಳಿನಲ್ಲಿ, ಜನಜಂಗುಳಿಯ ನೂಕುನುಗ್ಗಲಿನಲ್ಲಿ, ಲಾಠಿಯ ಎದುರಿನಲ್ಲಿ ಅದನ್ನು ಪಾಲಿಸುವುದು ಬೇರೆಯ ಮಾತು. ಆರು ವಾರಗಳೂ ಕಳೆಯುವ ಮೊದಲೇ, 1922ರ ಫೆಬ್ರವರಿ 4ರಂದು, ಸಂಯುಕ್ತ ಪ್ರಾಂತದ ಚೌರಿಚೌರಾದಲ್ಲಿ ಮೆರವಣಿಗೆಯ ಜನರು ಪೊಲೀಸ್ ಠಾಣೆಗೆ ಬೆಂಕಿಯಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪೊಲೀಸರು ಮಡಿದರು. ಸುರತ ಜಿಲ್ಲೆಯ ಬಾರ್ಡೋಲಿಯಲ್ಲಿ ಕರನಿರಾಕರಣೆಗೆ ಸಿದ್ಧವಾಗಿದ್ದ ಚಳವಳಿಯನ್ನು ಗಾಂಧೀಜಿಯವರು ನಿಲ್ಲಿಸಿಬಿಟ್ಟರು. ಮಾರ್ಚ್ 18ರಂದು ಅಹಮದಾಬಾದಿನಲ್ಲಿಯೇ ಅವರ ವಿಚಾರಣೆ ನಡೆದು ಆರು ವರ್ಷಗಳ ಶಿಕ್ಷೆಯಾಯಿತು.

ಪ್ರತಿಜ್ಞೆಗೂ ಪಾಲನೆಗೂ ನಡುವಣ ಈ ಕಂದರವನ್ನು ಹೇಗೆ ದಾಟಬೇಕೆಂಬ ಪ್ರಶ್ನೆಯನ್ನು ಅನೇಕರು ಕೇಳಿಕೊಂಡರು. ಧರ್ಮವನ್ನು ಬೋಧಿಸಬೇಕೆಂದು ಕೆಲವರು, ಚರಕವನ್ನು ತಿರುಗಿಸಬೇಕೆಂದು ಕೆಲವರು, ಶಾಸನಸಭೆಗಳನ್ನು ಪ್ರವೇಶಿಸಬೇಕೆಂದು ಮತ್ತೆ ಕೆಲವರು ಉತ್ತರ ಕೊಟ್ಟರು. ಇವರಾರೂ ಕೊಡದ ಒಂದು ಉತ್ತರವು ಹುಬ್ಬಳ್ಳಿಯಿಂದ ಬಂದಿತು. ಅದನ್ನು ಕೊಟ್ಟವರು ರಾಜಕಾರಣದ ವಕೀಲರಲ್ಲ, ಒಬ್ಬ ವೈದ್ಯರು: ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು. (‘ಕರ್ನಾಟಕದ ಗಾಂಧಿ’ ಎಂದು ಹೆಸರಾದ ಹರ್ಡೇಕರ ಮಂಜಪ್ಪನವರು ಬೇರೆ, ಇವರು ಬೇರೆ. ಹೆಸರಿನ ಸಾಮ್ಯದಿಂದ ಒಬ್ಬರ ಕೆಲಸ ಇನ್ನೊಬ್ಬರ ಲೆಕ್ಕಕ್ಕೆ ಸೇರುವುದುಂಟು.)

೨

ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಅವರ ಬಾಲ್ಯದ ವರ್ಷಗಳು ಮುಂಬಯಿ ಪ್ರಾಂತಕ್ಕೆ ಪ್ಲೇಗು ಬಂದೆರಗಿದ ವರ್ಷಗಳು. 1898ರಲ್ಲಿ ಧಾರವಾಡದ ನೆರೆಯ ಹುಬ್ಬಳ್ಳಿಯು ಆ ರೋಗದಿಂದ ತತ್ತರಿಸಿತು. ಹಾಫ್ಕಿನರು ಕಂಡುಹಿಡಿದ ಲಸಿಕೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಒಂದೊಂದೇ ರೋಗಿಯ ನಾಡಿ ಹಿಡಿದು ಔಷಧ ಕೊಡುವ ವೈದ್ಯವೃತ್ತಿಯಿಂದ ಇಂಥ ಪಿಡುಗು ನಿಲ್ಲುವುದಿಲ್ಲ. ಊರಿಗೆ ಊರೇ ಒಂದು ಶಿಸ್ತಿಗೆ ಒಳಪಡಬೇಕು ಎಂಬ ಪಾಠವನ್ನು ಆ ತಲೆಮಾರಿನವರು ಕಣ್ಣಾರೆ ಕಂಡು ಕಲಿತರು.

ಕಲಕತ್ತೆಯ ಕಾಲೇಜ್ ಆಫ್ ಫಿಜಿಷಿಯನ್ಸ್ ಅಂಡ್ ಸರ್ಜನ್ಸ್ ಸಂಸ್ಥೆಯಲ್ಲಿ ವೈದ್ಯಶಿಕ್ಷಣ ಪಡೆದ ಮೇಲೆ ಹರ್ಡೀಕರರು ಅಮೇರಿಕೆಗೆ ತೆರಳಿದರು. ಅಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡ ವಿಷಯವು ಗಮನಾರ್ಹವಾದುದು. ಶಸ್ತ್ರಚಿಕಿತ್ಸೆಯನ್ನೋ ಹಣ ತರುವ ಮತ್ತಾವುದಾದರೂ ಶಾಖೆಯನ್ನೋ ಹಿಡಿಯದೆ ಅವರು ಸಾರ್ವಜನಿಕ ಆರೋಗ್ಯವನ್ನು ಅಭ್ಯಸಿಸಿ 1916ರಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ಸಾರ್ವಜನಿಕ ಆರೋಗ್ಯವೆಂಬ ಶಾಸ್ತ್ರದ ತಿರುಳು ಇಷ್ಟು: ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಅದು ಬಾರದಂತೆ ದಿನನಿತ್ಯದ ಅಭ್ಯಾಸಗಳನ್ನು ಅಳವಡಿಸಿಕೊಳ್ಳುವುದು ಲೇಸು. ಮುಂದೆ ಅವರು ಸ್ವಯಂಸೇವಕರ ವಿಷಯದಲ್ಲಿ ಮಾಡಿದ್ದೆಲ್ಲವೂ ಇದೇ ತತ್ತ್ವದ ವಿಸ್ತರಣೆಯೆಂದರೆ ತಪ್ಪಾಗಲಾರದು.

ಅಮೇರಿಕೆಯಲ್ಲಿ ಅವರಿಗೆ ಇನ್ನೊಂದು ಶಿಕ್ಷಣವೂ ದೊರೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ನೆಲೆಸಬೇಕಾಗಿ ಬಂದ ಲಾಲಾ ಲಜಪತರಾಯರು 1917ರಲ್ಲಿ ಇಂಡಿಯಾ ಹೋಂರೂಲ್ ಲೀಗನ್ನು ಸ್ಥಾಪಿಸಿದರು. 1918ರಿಂದ ‘ಯಂಗ್ ಇಂಡಿಯಾ’ ಎಂಬ ಮಾಸಪತ್ರಿಕೆಯನ್ನು ನ್ಯೂಯಾರ್ಕಿನಿಂದ ಹೊರಡಿಸಿದರು. ಹರ್ಡೀಕರರು ಲಾಲಾಜಿಯವರ ಬಲಗೈಯಾಗಿ ಆ ಸಂಸ್ಥೆಯ ಕಾರ್ಯಭಾರವನ್ನು ಹೊತ್ತರು. ಪರದೇಶದಲ್ಲಿ ಚದುರಿಹೋಗಿರುವ ಕೆಲವೇ ಮಂದಿಯನ್ನು ಒಂದೆಡೆ ಸೇರಿಸುವುದು, ಚಂದಾ ಎತ್ತುವುದು, ಸಭೆ ಕರೆಯುವುದು, ಪತ್ರಿಕೆಯನ್ನು ಕಾಲಕ್ಕೆ ಸರಿಯಾಗಿ ಅಂಚೆಗೆ ಹಾಕುವುದು—ಇವು ಹೊರಗೆ ಕಾಣದ ಕೆಲಸಗಳು. ಹೊರನಾಡಿನಲ್ಲಿ ಸಂಘವನ್ನು ಕಟ್ಟಿ ನಡೆಸಿದವರಿಗೆ ಅವುಗಳ ಭಾರವನ್ನು ವಿವರಿಸಿ ಹೇಳಬೇಕಾಗಿಲ್ಲ. 1921ರಲ್ಲಿ ಹರ್ಡೀಕರರು ಸ್ವದೇಶಕ್ಕೆ ಹಿಂದಿರುಗಿ, ಹುಬ್ಬಳ್ಳಿಯನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು.

೩

ಹುಬ್ಬಳ್ಳಿಯಲ್ಲಿ ಅವರ ಸುತ್ತಲೂ ನೆರೆದ ತರುಣರ ತಂಡಕ್ಕೆ ಹುಬ್ಬಳ್ಳಿ ಸೇವಾ ಮಂಡಲವೆಂದು ಹೆಸರು. 1923ರಲ್ಲಿ ಈ ತಂಡಕ್ಕೆ ಪರೀಕ್ಷೆಯ ಕಾಲ ಒದಗಿತು. ರಾಷ್ಟ್ರಧ್ವಜವನ್ನು ಹಿಡಿದು ಮೆರವಣಿಗೆ ಹೋಗುವ ಹಕ್ಕಿಗಾಗಿ ಆ ವರ್ಷ ನಾಗಪುರದಲ್ಲಿ ಸತ್ಯಾಗ್ರಹ ಆರಂಭವಾಯಿತು. ಜಮನಾಲಾಲ ಬಜಾಜರು ಅದರ ಮುಂದಾಳುಗಳು. ಅವರು ಸೆರೆಯಾದ ಮೇಲೆ ಗುಜರಾತಿನಿಂದ ವಲ್ಲಭಭಾಯಿಯವರು ಹೋಗಿ ಹೊಣೆ ಹೊತ್ತರು. ದೇಶದ ನಾನಾ ಭಾಗಗಳಿಂದ ತಂಡತಂಡವಾಗಿ ಬಂದ ಸ್ವಯಂಸೇವಕರು ಒಂದು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸೆರೆಮನೆಯನ್ನು ತುಂಬಿದರು. ಹುಬ್ಬಳ್ಳಿಯ ತಂಡವು ಹರ್ಡೀಕರರ ನೇತೃತ್ವದಲ್ಲಿ ಅಲ್ಲಿಗೆ ಹೋಗಿ ಶಿಕ್ಷೆಗೊಳಗಾಯಿತು.

ಸೆರೆಮನೆಯ ಒಳಗೆ ನಡೆದುದು ಹೊರಗಿನ ಜಯಘೋಷಗಳಲ್ಲಿ ಮರೆತುಹೋಗುವಂಥದು. ಆದರೆ ಇತಿಹಾಸಕಾರನು ಮರೆಯಬಾರದ ಸಂಗತಿ ಅದೇ. ಬಂದೀಖಾನೆಯ ಕಷ್ಟಗಳನ್ನು ತಾಳಲಾರದೆ ಅನೇಕ ಸತ್ಯಾಗ್ರಹಿಗಳು ಕ್ಷಮಾಪಣೆ ಬರೆದುಕೊಟ್ಟು ಬಿಡುಗಡೆ ಹೊಂದಿದರು. ಇವರು ಹೇಡಿಗಳಲ್ಲ. ಮನೆಬಿಟ್ಟು ನೂರಾರು ಮೈಲಿ ಬಂದು ಬಂಧನಕ್ಕೆ ತಾವಾಗಿಯೇ ಕೈಯೊಡ್ಡಿದವರು. ಉತ್ಸಾಹವು ಅವರನ್ನು ಸೆರೆಮನೆಯ ಬಾಗಿಲವರೆಗೆ ತಂದಿತು. ಒಳಗಿನ ಹಿಟ್ಟು, ಬೀಸುವ ಕಲ್ಲು, ಏಕಾಂತ, ಇವುಗಳನ್ನು ತಾಳಿಕೊಳ್ಳುವ ಅಭ್ಯಾಸವನ್ನು ಅವರಿಗೆ ಯಾರೂ ಮಾಡಿಸಿರಲಿಲ್ಲ. ಹುಬ್ಬಳ್ಳಿಯವರು ಮಾತ್ರ ಕ್ಷಮೆ ಬೇಡದೆ ನಿಂತರು. ಆಗಸ್ಟ್ ತಿಂಗಳಲ್ಲಿ ಮೆರವಣಿಗೆಯು ನಿಷೇಧಿತ ಬೀದಿಗಳಲ್ಲಿ ಹಾದು ಹೋಗಿ ಸತ್ಯಾಗ್ರಹವು ಮುಗಿಯುವ ವೇಳೆಗೆ, ಈ ಸಣ್ಣ ತಂಡದ ಗಟ್ಟಿತನವು ರಾಷ್ಟ್ರನಾಯಕರ ಗಮನವನ್ನು ಸೆಳೆದಿತ್ತು.

ಅಹಮದಾಬಾದಿನಲ್ಲಿ ಎದ್ದ ಪ್ರಶ್ನೆಗೆ ಹರ್ಡೀಕರರು ಕಂಡ ಉತ್ತರವು ನಾಗಪುರದಲ್ಲಿ ಸ್ಪಷ್ಟವಾಯಿತು. ಪ್ರತಿಜ್ಞೆ ಮುರಿಯುವುದು ಮನಸ್ಸಿನ ಕೆಟ್ಟತನದಿಂದಲೇ ಅಲ್ಲ. ಬಹುಮಟ್ಟಿಗೆ ದೇಹದ ಮತ್ತು ಅಭ್ಯಾಸದ ದೌರ್ಬಲ್ಯದಿಂದ. ಹೀಗಿರಲು ಬಂಧನದ ದಿನ ಉಪದೇಶ ಮಾಡಿ ಪ್ರಯೋಜನವಿಲ್ಲ. ಬಹು ಮೊದಲೇ, ಶಾಂತಿಯ ದಿನಗಳಲ್ಲಿಯೇ, ಸ್ವಯಂಸೇವಕನ ಮೈಯನ್ನೂ ಮನಸ್ಸನ್ನೂ ಹದಗೊಳಿಸಬೇಕು.

೪

1923ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಸೇರಿದಾಗ ಹಿಂದೂಸ್ಥಾನೀ ಸೇವಾದಳವು ಹುಟ್ಟಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರು. ಅದರ ಪ್ರಾಣವಾಗಿದ್ದವರು ಹರ್ಡೀಕರರು. ಅಖಿಲ ಭಾರತ ಸಂಸ್ಥೆಯೊಂದರ ಕೆಲಸವು ಹುಬ್ಬಳ್ಳಿಯಿಂದ ನಡೆಯತೊಡಗಿತು. ‘ದಿ ವಾಲಂಟಿಯರ್’ ಎಂಬ ಪತ್ರಿಕೆಯನ್ನು ಹರ್ಡೀಕರರೇ ಸಂಪಾದಿಸಿದರು.

ಇಂಥ ಸಂಸ್ಥೆಯನ್ನು ಎಲ್ಲರೂ ಕೈಚಾಚಿ ಸ್ವಾಗತಿಸಿರಬೇಕೆಂದು ಇಂದಿನ ವಾಚಕರು ಭಾವಿಸಬಹುದು. ವಸ್ತುಸ್ಥಿತಿ ಹಾಗಿರಲಿಲ್ಲ. ಕಾಂಗ್ರೆಸ್ಸಿನ ಹಿರಿಯರಲ್ಲಿ ಹಲವರು ಇದನ್ನು ವಿರೋಧಿಸಿದರು. ಅದರ ನೆನಪನ್ನು ನೆಹರೂ ಅವರು ತಮ್ಮ ಆತ್ಮಕಥೆಯಲ್ಲಿ ಆಶ್ಚರ್ಯದಿಂದಲೇ ದಾಖಲಿಸಿದ್ದಾರೆ. ಪ್ರಜೆಗಳ ಸಂಸ್ಥೆಯೊಳಕ್ಕೆ ಸೈನಿಕರ ರೀತಿನೀತಿಗಳನ್ನು ತಂದರೆ ಒಂದು ದಿನ ಆ ದಳವೇ ಸಂಸ್ಥೆಯ ಮೇಲೆ ಸವಾರಿ ಮಾಡೀತು ಎಂಬುದು ಒಂದು ಆಕ್ಷೇಪ. ಮೇಲಿನವರ ಅಪ್ಪಣೆಯನ್ನು ಪಾಲಿಸಿದರೆ ಸಾಕು, ಸ್ವಯಂಸೇವಕನು ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆಯಬೇಕಾದ ಅಗತ್ಯವೇನು ಎಂಬುದು ಮತ್ತೊಂದು. ಕವಾಯತಿಗೂ ಅಹಿಂಸೆಗೂ ಕೂಡಿಬರುವುದಿಲ್ಲ ಎಂಬ ಮೂರನೆಯ ಶಂಕೆ ಬಾಯಿಬಿಟ್ಟು ಹೇಳದವರ ಮನಸ್ಸಿನಲ್ಲಿಯೂ ಇದ್ದಿತು.

ಈ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಮುಸೋಲಿನಿಯ ಕಪ್ಪಂಗಿಯ ದಳಗಳು ರೋಮಿನತ್ತ ನಡೆದು ಇಟಲಿಯ ಅಧಿಕಾರವನ್ನು ಹಿಡಿದದ್ದು 1922ರ ಅಕ್ಟೋಬರಿನಲ್ಲಿ, ಎಂದರೆ ಕಾಕಿನಾಡದ ಅಧಿವೇಶನಕ್ಕೆ ಕೇವಲ ಒಂದು ವರ್ಷದ ಹಿಂದೆ. ಸಮವಸ್ತ್ರ ತೊಟ್ಟು ಸಾಲಾಗಿ ನಿಂತ ತರುಣರು ಯಾರ ಕೈಗೆ ಸಿಕ್ಕರೆ ಏನಾಗಬಲ್ಲರೆಂಬುದನ್ನು ಆ ಶತಮಾನವು ಮುಂದೆ ಇನ್ನೂ ಘೋರವಾಗಿ ತೋರಿಸಿಕೊಟ್ಟಿತು. ಆದುದರಿಂದ ಹರ್ಡೀಕರರ ಮುಂದಿದ್ದ ಹೊಣೆಯು ಎರಡು ಬಗೆಯದಾಗಿತ್ತು. ಶಿಸ್ತನ್ನು ಕಲಿಸುವುದು ಒಂದು. ಕಲಿಸಿದ ಶಿಸ್ತು ಯಾರ ಮೇಲೆಯೂ ಬಲಪ್ರಯೋಗಕ್ಕೆ ತಿರುಗದಂತೆ ಕಾಯುವುದು ಇನ್ನೊಂದು. ವಾದಕ್ಕೆ ಪ್ರತಿವಾದ ಹೂಡದೆ ಅವರು ವರ್ಷಗಟ್ಟಲೆ ತಾಳ್ಮೆಯಿಂದ ದುಡಿದು, ತರಬೇತಿ ಹೊಂದಿದ ಸ್ವಯಂಸೇವಕನೇ ಹೆಚ್ಚು ಸಮರ್ಥನೂ ಹೆಚ್ಚು ಅಹಿಂಸಕನೂ ಆಗಬಲ್ಲನೆಂಬುದನ್ನು ಮಾಡಿ ತೋರಿಸಿದರು.

೫

ಸೇವಾದಳದ ಶಿಕ್ಷಣದಲ್ಲಿ ಏನೇನಿದ್ದಿತೆಂಬುದನ್ನು ನೋಡಿದರೆ ಅವರ ದೃಷ್ಟಿ ತಿಳಿಯುತ್ತದೆ. ಕವಾಯತು, ಆಟೋಟ, ದೇಶೀಯ ವ್ಯಾಯಾಮ, ಶಿಬಿರಜೀವನ, ಗಾಯಾಳುಗಳಿಗೆ ಪ್ರಥಮ ಚಿಕಿತ್ಸೆ, ನೈರ್ಮಲ್ಯ, ಜಾತ್ರೆ ಸಭೆಗಳಲ್ಲಿ ಜನಸಂದಣಿಯ ನಿಯಂತ್ರಣ: ಇವು ಅದರ ಅಂಗಗಳು. ಬಾಗಲಕೋಟೆಯಲ್ಲಿ ಶಿಕ್ಷಕರನ್ನು ತಯಾರು ಮಾಡುವ ವ್ಯಾಯಾಮ ಕೇಂದ್ರವು ನಡೆಯಿತು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ಧ್ವಜವಂದನೆ ಮಾಡುವ ಪದ್ಧತಿಯನ್ನು ದಳವು ರೂಢಿಗೆ ತಂದಿತು. ನಿಗದಿಯಾದ ದಿನ, ನಿಗದಿಯಾದ ವೇಳೆ, ಊರೂರಿನಲ್ಲಿಯೂ ಒಂದೇ ಕ್ರಮ. ಭಾಷಣ ಕೇಳಿ ಚದುರುವ ಜನತೆಯನ್ನು ಕಾಲಪಾಲನೆಗೆ ಒಗ್ಗಿಸುವ ಸರಳ ಉಪಾಯವದು.

ಕಸರತ್ತನ್ನು ರಾಷ್ಟ್ರಕಾರ್ಯಕ್ಕೆ ಜೋಡಿಸುವ ವಿಚಾರವು ಕರ್ನಾಟಕದಲ್ಲಿ ಮಾತ್ರ ಹುಟ್ಟಿದುದಲ್ಲ. ಧಾರವಾಡ ಸೀಮೆಯ ಗರಡಿ ಮನೆಗಳಂತೆಯೇ ಗುಜರಾತಿನ ಅಖಾಡಗಳಲ್ಲಿಯೂ ಅದು ಬೆಳೆಯುತ್ತಿತ್ತು. ಅದರಲ್ಲಿಯೂ ಬಡೋದೆ (ಇಂದಿನ ವಡೋದರಾ) ನಗರವು ಮುಂಚೂಣಿಯಲ್ಲಿದ್ದಿತು. ಜುಮ್ಮಾದಾದಾ ವ್ಯಾಯಾಮ ಮಂದಿರದ ರಾಜರತ್ನ ಮಾಣಿಕರಾಯರು ಹಳೆಯ ತಾಲೀಮಿನ ವಿದ್ಯೆಗಳನ್ನು ಕ್ರಮಪಡಿಸಿದರು; ಸಾಮೂಹಿಕ ಕವಾಯತಿಗೆ ಇಂಗ್ಲಿಷಿನ ಬದಲು ದೇಶಭಾಷೆಯ ಆಜ್ಞಾಶಬ್ದಗಳನ್ನು ಬಳಕೆಗೆ ತಂದವರೆಂದು ಪ್ರಸಿದ್ಧರಾದರು. ಶ್ರೀ ಅರವಿಂದರು ಬಡೋದೆಯಲ್ಲಿದ್ದ ಕಾಲದಲ್ಲಿ ಅವರ ಪ್ರಭಾವಕ್ಕೆ ಒಳಗಾದ ಛೋಟುಭಾಯಿ ಪುರಾಣಿಯವರು ಗುಜರಾತಿನಲ್ಲೆಲ್ಲ ವ್ಯಾಯಾಮ ಚಳವಳಿಯನ್ನು ಹಬ್ಬಿಸಿದರು. ಅಲಕಾಪುರಿಯ ಹೊಸ ಬಡಾವಣೆಗಳಿಂದ ಹಳೆಯ ಊರಿನ ಕಡೆಗೆ ಹೋಗುವ ವಡೋದರೆಯ ಕನ್ನಡಿಗರಿಗೆ ಈ ಹೆಸರುಗಳು ಅಪರಿಚಿತವಲ್ಲ. ಮಾಣಿಕರಾಯರು ವ್ಯಾಯಾಮ ವಿದ್ಯೆಗೆ ಆಚಾರ್ಯರಾದರು. ಹರ್ಡೀಕರರ ವೈಶಿಷ್ಟ್ಯವೆಂದರೆ ಆ ವಿದ್ಯೆಯನ್ನು ಸೇವೆಗೆ ಸಾಧನವಾಗಿಸಿ, ದೇಶವ್ಯಾಪಿಯಾದ ಸಂಘಟನೆಯೊಂದರಲ್ಲಿ ನೆಲೆಗೊಳಿಸಿದುದು. ಮಲ್ಲನಿಗೆ ಎದುರಾಳಿ ಬೇಕು. ಅವರ ಸ್ವಯಂಸೇವಕನಿಗೆ ಬೇಕಾದುದು ನೀರು ಹೊರುವ, ದಾರಿ ತೋರುವ, ಬಿದ್ದವನನ್ನು ಎತ್ತುವ ಕೆಲಸ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನವು ಈ ಶಿಕ್ಷಣವನ್ನು ಎಲ್ಲರ ಕಣ್ಣೆದುರಿಗೆ ತಂದಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆಯವರ ಸಾರಥ್ಯದಲ್ಲಿ ವಿಜಯನಗರವೆಂಬ ಬಿಡಾರದ ಊರು ಎದ್ದಿತು. ಅದರ ನೀರಿಗೆಂದು ತೋಡಿದ ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿಯೆಂದು ಪ್ರಸಿದ್ಧವಾಗಿದೆ. ಸಹಸ್ರಾರು ಜನ ಒಂದೆಡೆ ಕೆಲವು ದಿನ ತಂಗಿದರೆ ಕಾಲರಾದಂಥ ರೋಗಗಳು ಹೊಂಚುಹಾಕುತ್ತಿದ್ದ ಕಾಲವದು. ಅಂಥಲ್ಲಿ ಸ್ವಯಂಸೇವಕರ ಹೊಣೆಯನ್ನು ಸಾರ್ವಜನಿಕ ಆರೋಗ್ಯವನ್ನು ಓದಿ ಬಂದ ವೈದ್ಯರು ಹೊತ್ತುದು ಯೋಗ್ಯವೇ ಆಗಿದ್ದಿತು.

ಮಹಿಳೆಯರ ವಿಷಯದಲ್ಲಿ ಸೇವಾದಳವು ಇಟ್ಟ ಹೆಜ್ಜೆಯು ಇನ್ನೂ ದಿಟ್ಟವಾದುದು. ಮಂಗಳೂರಿನಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆಸಿದ ಉಮಾಬಾಯಿ ಕುಂದಾಪುರ ಅವರು, ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡವರು, ದಳದ ಮಹಿಳಾ ಶಾಖೆಯ ನಾಯಕಿಯಾದರು. ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯ ಹೊಣೆಯೂ ಅವರದೇ. ಬೆಳಗಾವಿಯಲ್ಲಿ ಅವರು ನೂರಕ್ಕೂ ಮಿಕ್ಕಿದ ಸ್ವಯಂಸೇವಿಕೆಯರನ್ನು ಕೂಡಿಸಿ ತಂದರು. ವಿಧವೆಯೊಬ್ಬಳು ಮನೆಯ ಹೊಸ್ತಿಲನ್ನು ದಾಟಿ ಸಾರ್ವಜನಿಕ ಬಯಲಿನಲ್ಲಿ ನಿಂತು ನೂರಾರು ಜನಕ್ಕೆ ಆಜ್ಞೆ ಕೊಡುವುದೆಂದರೆ ಆ ಕಾಲದ ಉತ್ತರ ಕರ್ನಾಟಕದಲ್ಲಿ ಸಾಮಾನ್ಯ ಸಂಗತಿಯಲ್ಲ. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ಸಹ ಸೇವಾದಳದ ಮಹಿಳಾ ವಿಭಾಗದಲ್ಲಿ ದುಡಿದೇ ರಾಷ್ಟ್ರಕಾರ್ಯದಲ್ಲಿ ಮುಂದೆ ಬಂದರು.

೬

ಕಾಕಿನಾಡದಲ್ಲಿ ಎದ್ದ ಮೂರನೆಯ ಶಂಕೆಗೆ, ಎಂದರೆ ಕವಾಯತಿಗೂ ಅಹಿಂಸೆಗೂ ಕೂಡುವುದಿಲ್ಲವೆಂಬ ಮಾತಿಗೆ, ಅತ್ಯಂತ ನಿರ್ಣಾಯಕವಾದ ಉತ್ತರವು ಗುಜರಾತಿನ ನೆಲದಲ್ಲಿಯೇ ದೊರೆಯಿತು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಎಪ್ಪತ್ತೆಂಟು ಮಂದಿಯ ತಂಡದಲ್ಲಿ ಕನ್ನಡಿಗರು ಒಬ್ಬರೇ: ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. ದಿನದ ನಡಿಗೆ, ಪ್ರಾರ್ಥನೆ, ಊಟ, ನೂಲುವಿಕೆ ಎಲ್ಲಕ್ಕೂ ಅಲ್ಲಿ ಕಟ್ಟುನಿಟ್ಟಾದ ವೇಳೆಯಿದ್ದಿತು. ಮೇ 21ರಂದು ಧರಾಸಣಾದ ಉಪ್ಪಿನ ಆಗರದ ಎದುರು ಸುಮಾರು ಎರಡೂವರೆ ಸಾವಿರ ಸ್ವಯಂಸೇವಕರು ನಿಂತರು. ಒಂದು ಸಾಲು ಮುಂದೆ ನಡೆದು ಲಾಠಿಯ ಏಟಿಗೆ ಬೀಳುವುದು. ಬಿದ್ದವರನ್ನು ಎತ್ತಿಕೊಂಡು ಹೋದ ಮೇಲೆ ಇನ್ನೊಂದು ಸಾಲು ಮುಂದೆ ನಡೆಯುವುದು. ಏಟನ್ನು ತಡೆಯಲೆಂದು ಕೈ ಮೇಲೆತ್ತಿದವರಿಲ್ಲವೆಂದು ಕಣ್ಣಾರೆ ಕಂಡ ಅಮೇರಿಕದ ಪತ್ರಕರ್ತ ವೆಬ್ ಮಿಲ್ಲರರು ಲೋಕಕ್ಕೆಲ್ಲ ವರದಿ ಮಾಡಿದರು. ಧರಾಸಣಾದ ಸಾಲುಗಳನ್ನು ಹರ್ಡೀಕರರು ತಯಾರಿಸಿದರೆಂದು ಹೇಳುವಂತಿಲ್ಲ. ಹಾಗೆ ಹೇಳುವ ಅಗತ್ಯವೂ ಇಲ್ಲ. ಚೌರಿಚೌರಾಕ್ಕೂ ಧರಾಸಣಾಕ್ಕೂ ನಡುವೆ ಎಂಟು ವರ್ಷಗಳಲ್ಲಿ ದೇಶವು ಕಲಿತ ಪಾಠ ಯಾವುದೆಂಬುದೇ ಮುಖ್ಯ. ಆ ಪಾಠವನ್ನು ಎಲ್ಲರಿಗಿಂತ ಮೊದಲೇ ಗುರುತಿಸಿ, ಅದಕ್ಕೊಂದು ಶಾಲೆಯನ್ನು ಕಟ್ಟಿದವರು ಹುಬ್ಬಳ್ಳಿಯ ವೈದ್ಯರು.

ಇದಾದ ಮೇಲೆ ವಿರೋಧವು ತಾನಾಗಿಯೇ ಕರಗಿತು. 1931ರಲ್ಲಿ ಸೇವಾದಳವನ್ನು ಕಾಂಗ್ರೆಸ್ಸಿನ ಅಧಿಕೃತ ಸ್ವಯಂಸೇವಕ ಸಂಸ್ಥೆಯಾಗಿ ಅಂಗೀಕರಿಸಲಾಯಿತು. ಹಿರಿಯರಿಗೆ ಎಂಟು ವರ್ಷ ತಿಳಿಯದಿದ್ದುದು ಸರಕಾರಕ್ಕೆ ಬೇಗನೆ ತಿಳಿಯಿತು. 1932ರಲ್ಲಿ ದಳವನ್ನು ನಿಷೇಧಿಸಲಾಯಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆದಾಗಲೂ ಸೇವಾದಳದ ಮೇಲಿನದನ್ನು ತೆಗೆಯಲಿಲ್ಲ. ಆಯುಧವಿಲ್ಲದ, ಏಟಿಗೆ ಏಟು ಕೊಡದ ಸಂಸ್ಥೆಯೊಂದಕ್ಕೆ ಅಧಿಕಾರಸ್ಥರು ಇಷ್ಟು ಅಂಜಿದರೆಂಬುದೇ ಅದರ ಸಾಮರ್ಥ್ಯಕ್ಕೆ ಸಾಕ್ಷಿ.

೭

ರಾಜಕಾರಣದ ಈ ಗದ್ದಲದ ನಡುವೆಯೂ ಹರ್ಡೀಕರರೊಳಗಿನ ವೈದ್ಯರು ಸುಮ್ಮನಿರಲಿಲ್ಲ. 1929ರಲ್ಲಿ ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮವು ಸ್ಥಾಪಿತವಾಯಿತು. ಡಾಕ್ಟರ್ ಜಿ. ಆರ್. ಕೊಕಟನೂರ, ಡಾಕ್ಟರ್ ಎಂ. ಕೆ. ವೈದ್ಯ ಮತ್ತು ಹರ್ಡೀಕರರು, ಈ ಮೂವರು ಅದರ ಮೂಲಪುರುಷರು. ದೊಡ್ಡ ಪಟ್ಟಣವನ್ನು ಬಿಟ್ಟು, ಲೋಂಡಾ–ಮೀರಜ ರೈಲುಹಾದಿಯ ಸಣ್ಣ ನಿಲ್ದಾಣವೊಂದರ ಬಳಿ, ಹಳ್ಳಿಯ ಜನಕ್ಕೆ ಎಟುಕುವಂತೆ ಅದನ್ನು ಕಟ್ಟಿದರು. ಘಟಪ್ರಭಾವೇ ಮುಂದೆ ಸೇವಾದಳದ ತರಬೇತಿಯ ನೆಲೆಯೂ ಆಯಿತು. ಆಸ್ಪತ್ರೆಯೂ ಕವಾಯತಿನ ಬಯಲೂ ಒಂದೇ ಊರಿನಲ್ಲಿ ಕೂಡಿ ಬಂದುದು ಕೇವಲ ಆಕಸ್ಮಿಕವಲ್ಲ. ಅವರ ಬದುಕಿನ ಎರಡು ಕೈಗಳು ಅಲ್ಲಿ ಸಂಧಿಸಿದವು.

ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರರು ಪಕ್ಷದ ಕಟ್ಟಿನ ಹೊರಗೆ ಒಂದು ಹೊಸ ಪ್ರಯತ್ನವನ್ನು ಕೈಗೊಂಡರು. 1950ರಲ್ಲಿ ರಾಜಕೀಯಾತೀತವಾದ ಭಾರತ ಸೇವಾದಳವು ಅವರ ನೇತೃತ್ವದಲ್ಲಿ ಪ್ರಾರಂಭವಾಯಿತು. ಕರ್ನಾಟಕದ ಶಾಲೆಗಳಲ್ಲಿ ಓದಿದವರಲ್ಲಿ ಎಷ್ಟೋ ಜನಕ್ಕೆ ಸೇವಾದಳವೆಂದರೆ ಮೊದಲು ನೆನಪಾಗುವುದು ಈ ದಳವೇ: ಶಾಲೆಯ ಅಂಗಳ, ಬಿಳಿಯ ಉಡುಪು, ಧ್ವಜವನ್ನು ಮಡಿಸುವ ಕ್ರಮ, ಸಾಲು ತಪ್ಪಿದರೆ ಗುರುಗಳ ಎಚ್ಚರಿಕೆ. ಸ್ವರಾಜ್ಯಕ್ಕಾಗಿ ಕಟ್ಟಿದ ಶಿಸ್ತನ್ನು ಸ್ವರಾಜ್ಯ ಬಂದ ಮೇಲೆ ಮಕ್ಕಳ ಕೈಗೆ ಒಪ್ಪಿಸಿದುದು ಅವರ ದೂರದೃಷ್ಟಿಗೆ ನಿದರ್ಶನ. 1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಸಂದಿತು. 1975ರ ಆಗಸ್ಟ್ 26ರಂದು ಅವರು ಕಾಲವಶರಾದರು. ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

೮

ದೇಶದ ಉದ್ದಗಲಕ್ಕೂ ಹರಡಿದ ಶಿಸ್ತುಳ್ಳ ದಳವೊಂದನ್ನು ಕಟ್ಟಿದವನಿಗೆ ಅಧಿಕಾರದ ಆಸೆ ಹುಟ್ಟುವುದು ಸಹಜ. ಕಾಕಿನಾಡದ ಹಿರಿಯರ ಭಯವು ನಿಜವಾಗಬೇಕಾಗಿದ್ದರೆ ಅದು ನಿಜವಾಗಬೇಕಾದುದು ಹರ್ಡೀಕರರಲ್ಲಿಯೇ. ಅದು ಹಾಗಾಗಲಿಲ್ಲ. ಅವರು ದಳವನ್ನು ಸಂಸ್ಥೆಗೆ ಒಪ್ಪಿಸಿದರು, ತಾವು ಆರೋಗ್ಯಧಾಮಕ್ಕೂ ಮಕ್ಕಳ ಕವಾಯತಿಗೂ ಹಿಂದಿರುಗಿದರು. ಶಿಸ್ತನ್ನು ಇತರರಿಗೆ ಕಲಿಸಿದವನು ಅದಕ್ಕೆ ಮೊದಲು ತಾನೇ ಒಳಪಟ್ಟಿದ್ದರೆ ಮಾತ್ರ ಇದು ಸಾಧ್ಯ. ಅವರ ವಿರೋಧಿಗಳ ಆಕ್ಷೇಪಕ್ಕೆ ಇದಕ್ಕಿಂತ ದೊಡ್ಡ ಸಮಾಧಾನ ಬೇರಿಲ್ಲ.

ಇಂಥ ವ್ಯಕ್ತಿಯ ಹೆಸರು ಇಂದು ಮಸುಕಾಗಿರುವುದಕ್ಕೆ ಕಾರಣಗಳನ್ನು ಹುಡುಕಬಹುದು. ಕೊರಳ ಬಲವುಳ್ಳವರ ಭಾಷಣಗಳು ಪುಸ್ತಕಗಳಲ್ಲಿ ಉಳಿಯುತ್ತವೆ. ಆ ಭಾಷಣವನ್ನು ಕೇಳಲು ನೆರೆದ ಲಕ್ಷ ಜನಕ್ಕೆ ಕುಡಿಯುವ ನೀರು ಒದಗಿಸಿದವರ ಶ್ರಮವು ಎಲ್ಲಿಯೂ ಅಚ್ಚಾಗುವುದಿಲ್ಲ. ಚರಿತ್ರೆಯ ಈ ಪಕ್ಷಪಾತವನ್ನು ಸ್ವಲ್ಪಮಟ್ಟಿಗಾದರೂ ಸರಿಪಡಿಸುವುದು ಸಂಶೋಧಕರ ಕರ್ತವ್ಯ. ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಕರ್ತವ್ಯವು ಇನ್ನಷ್ಟು ಹತ್ತಿರದ್ದು. ಸಾಬರಮತಿಯ ದಂಡೆಯಲ್ಲಿ ರಾಷ್ಟ್ರವು ಕೈಗೊಂಡ ಪ್ರತಿಜ್ಞೆಯನ್ನು ಪಾಲಿಸುವ ಬಗೆ ಹೇಗೆಂಬುದನ್ನು ಕಲಿಸಿಕೊಟ್ಟವರಲ್ಲಿ ಅವರ ನಾಡಿನ ವೈದ್ಯರೊಬ್ಬರೂ ಇದ್ದರು.